ಕುಡುಕನ ಕುಣಿತ, ಅಪ್ಪನ ಎಚ್ಚರಿಕೆ

ಸಿನಿಮಾದ ಎರಡನೇ ಭಾಗವೆಂದರೆ ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಹಳೇ ಠೇವಣಿಯನ್ನು ನವೀಕರಿಸಿದ ಹಾಗೆ. ಮೊದಲ ಭಾಗ ಗಳಿಸಿದ ಹೆಸರೇ ಅಸಲು, ಅದರ ಮೇಲೆ ಬಡ್ಡಿಯ ಆಸೆ. ಎಷ್ಟೋ ಸಲ ಬಡ್ಡಿಯೂ ಬರುವುದಿಲ್ಲ, ಅಸಲೂ ಕರಗುತ್ತದೆ. ಹಾಗಾಗದ ಒಂದು ಸಿನಿಮಾದ ಬಗ್ಗೆ ಇವತ್ತು ಹೇಳುತ್ತೇನೆ. ಅದು 1994ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕ್ಯಾಂಟನೀಸ್ ಭಾಷೆಯಲ್ಲಿ ಬಂದ ‘ಡ್ರಂಕನ್ ಮಾಸ್ಟರ್’ ಎರಡನೇ ಭಾಗ. ನಾಯಕ ಜಾಕಿ ಚಾನ್.

ಮುತ್ತಿನಕೊಪ್ಪದ ಅಜ್ಜನಿಗೂ ಜಾಕಿ ಚಾನ್‌ಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ನೀರಿನದು. ಶೃಂಗೇರಿಯಿಂದ ಹರಿದು ಬರುವ ತುಂಗೆ, ಬಾಳೆಹೊನ್ನೂರಿನಿಂದ ಬರುವ ಭದ್ರೆ, ಇವೆರಡೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹಂಪಿ ತಲುಪುತ್ತವೆ. 2005ರಲ್ಲಿ ಬಿಡುಗಡೆಯಾದ ‘ದಿ ಮಿಥ್’ ಚಿತ್ರಕ್ಕಾಗಿ ಜಾಕಿ ಚಾನ್ ಅದೇ ಹಂಪಿಗೆ ಬಂದಿದ್ದರು. ಮಲ್ಲಿಕಾ ಶೆರಾವತ್ ಅದರಲ್ಲಿ ನಟಿಸಿದ್ದಾರೆ. ನಮ್ಮ ಕಾಡಿನಲ್ಲಿ ಸುರಿದ ಮಳೆ ಹರಿದು ಹೋಗುವ ಊರಿನಲ್ಲಿ ಆ ಮನುಷ್ಯ ಓಡಾಡಿದ್ದಾರೆ ಎಂದು ಹೇಳಿದ ಮೇಲೆ ಮೊಮ್ಮಕ್ಕಳು ಅವರ ಒಂದು ಸಿನಿಮಾವನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಕೂತ ನಾನೂ ಬಿಟ್ಟಿಲ್ಲ.

‘ಡ್ರಂಕನ್ ಮಾಸ್ಟರ್’ ಮೊದಲ ಭಾಗ ಬಂದದ್ದು 1978ರಲ್ಲಿ. ನಿರ್ದೇಶಕ ಯುಎನ್ ವೂ ಪಿಂಗ್. ಅವರ ಸ್ವಂತ ತಂದೆಯೇ ಅದರಲ್ಲಿ ಕುಡುಕ ಗುರುವಿನ ಪಾತ್ರ ಮಾಡಿದ್ದಾರೆ. ಪುಂಡ ಹುಡುಗನನ್ನು ಅಪ್ಪ ಈ ಗುರುವಿನ ಕೈಗೆ ಒಪ್ಪಿಸುತ್ತಾನೆ. ಚೀನಾದ ಜನಪದದ ಎಂಟು ಸಿದ್ಧರ ಹೆಸರಿನಲ್ಲಿ ಎಂಟು ವರಸೆಗಳು. ತೂರಾಡುತ್ತ, ಓಲಾಡುತ್ತ ಹೊಡೆಯಬೇಕು. ಎಂಟರಲ್ಲಿ ಒಂದು ಹೆಂಗಸಿನ ವರಸೆ. ಹುಡುಗ ನಾಚಿಕೊಂಡು ಅದೊಂದನ್ನು ಕಲಿಯುವುದಿಲ್ಲ. ಕೊನೆಯ ಕಾಳಗದಲ್ಲಿ ಅದೇ ಬೇಕಾಗುತ್ತದೆ! ಬಿಟ್ಟ ಪಾಠವೇ ಪರೀಕ್ಷೆಗೆ ಬರುತ್ತದೆ ಎಂದು ನಾನು ಮೊಮ್ಮಗನಿಗೆ ನೂರು ಸಲ ಹೇಳಿದ್ದೆ. ಜಾಕಿ ಚಾನ್ ಒಂದೇ ಸಲಕ್ಕೆ ಒಪ್ಪಿಸಿದರು.

ಈ ಕಥೆಯ ನಾಯಕ ವಾಂಗ್ ಫೇ ಹುಂಗ್ ಕಟ್ಟುಕಥೆಯ ಮನುಷ್ಯನಲ್ಲ. 1847ರಲ್ಲಿ ದಕ್ಷಿಣ ಚೀನಾದಲ್ಲಿ ಹುಟ್ಟಿದ ವೈದ್ಯ, ಸಮರಕಲೆಯ ಗುರು. ಎರಡನೇ ಭಾಗದ ನಿರ್ದೇಶಕ ಲಾವ್ ಕಾರ್ ಲ್ಯುಂಗ್ ಅವರ ತಂದೆ ವಾಂಗ್ ಅವರ ಶಿಷ್ಯನೊಬ್ಬನಲ್ಲಿ ಕಲಿತವರು. ನಮ್ಮಲ್ಲಿ ಸಂಗೀತಗಾರರು ಗುರುಪರಂಪರೆ ಹೇಳಿಕೊಳ್ಳುತ್ತಾರಲ್ಲ, ಹಾಗೆ ಈ ನಿರ್ದೇಶಕರು ತಮ್ಮ ಪರಂಪರೆಯ ಹಿರಿಯರ ಮೇಲೆಯೇ ತಮಾಷೆಯ ಚಿತ್ರ ಮಾಡಿದರು.

ಎರಡು ಭಾಗಗಳ ನಡುವೆ 16 ವರ್ಷ ಕಳೆದಿತ್ತು. ಹುಡುಗನ ಪಾತ್ರದ ಜಾಕಿ ಚಾನ್ ನಲವತ್ತರ ಹೊಸ್ತಿಲಲ್ಲಿದ್ದರು. ಅಪ್ಪನಾದ ಟಿ ಲುಂಗ್ ಅವರಿಗಿಂತ ಎಂಟೇ ವರ್ಷ ದೊಡ್ಡವರು. ಚಿಕ್ಕಮ್ಮನಾದ ಅನಿತಾ ಮುಯಿ ಒಂಬತ್ತು ವರ್ಷ ಚಿಕ್ಕವರು! ಆದರೂ ಗಂಡನ ಕಣ್ಣು ತಪ್ಪಿಸಿ ಜೂಜಾಡುವ, ಬೈಗುಳ ಬೀಳುವಾಗ ಹೊಟ್ಟೆ ಹಿಡಿದು ನಾಟಕವಾಡುವ ಆ ಚಿಕ್ಕಮ್ಮನನ್ನು ನೋಡಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ.

ಕಥೆ ಸರಳ. ಸುಂಕ ತಪ್ಪಿಸಲು ಹುಡುಗ ಅಪ್ಪನ ಜಿನ್ಸೆಂಗ್ ಬೇರನ್ನು ಬ್ರಿಟಿಷರ ಸಾಮಾನಿನೊಳಗೆ ಬಚ್ಚಿಡುತ್ತಾನೆ. ಮತ್ತೆ ತೆಗೆಯುವಾಗ ಪೆಟ್ಟಿಗೆ ಅದಲುಬದಲಾಗಿ, ದೇಶದಿಂದ ಕದ್ದು ಸಾಗಿಸುತ್ತಿದ್ದ ಚಕ್ರವರ್ತಿಯ ಮುದ್ರೆ ಕೈಗೆ ಬರುತ್ತದೆ. ಅಲ್ಲಿಂದ ಗಲಾಟೆ ಶುರು.

ನನಗೆ ನಾಟಿದ ಭಾಗ ಬೇರೆ. ಬೀದಿಯ ಜಗಳದಲ್ಲಿ ಕುಡಿದು ಹೊಡೆದಾಡಿ ಮಗ ಗೆಲ್ಲುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಅಪ್ಪ ಮಾತ್ರ ಸಿಟ್ಟಾಗುತ್ತಾನೆ. ದೋಣಿಯನ್ನು ತೇಲಿಸುವ ನೀರೇ ಮುಳುಗಿಸುತ್ತದೆ ಎಂಬ ಅರ್ಥದ ಮಾತು ಹೇಳಿ, ಕೊನೆಗೆ ಮಗನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ದುಃಖಕ್ಕೆ ಮಗ ಮತ್ತೆ ಕುಡಿಯುತ್ತಾನೆ. ಈ ಸಲ ಕೈ ಎತ್ತಲೂ ಆಗುವುದಿಲ್ಲ. ವೈರಿಗಳು ಬಟ್ಟೆ ಬಿಚ್ಚಿ, ಊರೆಲ್ಲ ನೋಡುವಂತೆ ತೂಗುಹಾಕುತ್ತಾರೆ. ಅಲ್ಲಿಯವರೆಗೆ ನಗುತ್ತಿದ್ದ ಮಕ್ಕಳು ಸುಮ್ಮನಾದರು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಹೆಂಡತಿ ವಾರವಾರ ಹತ್ತು, ಇಪ್ಪತ್ತು ಎಂದು ಕಟ್ಟಿದ್ದನ್ನು ಜಂಟಿ ಖಾತೆಯಿಂದ ಒಂದೇ ಮಧ್ಯಾಹ್ನ ಬಳಿದುಕೊಂಡು ಹೋದ ಗಂಡಂದಿರನ್ನು ಕಂಡಿದ್ದೇನೆ. ಸಹಿ ಸರಿಯಿದ್ದರೆ ಹಣ ಎಣಿಸಿ ಕೊಡಲೇಬೇಕು. ಮರುವಾರ ಆ ಹೆಂಗಸು ಪಾಸ್‌ಬುಕ್ ಹಿಡಿದು ಬಂದಾಗ ಮುಖ ನೋಡುವುದು ಕಷ್ಟವಾಗುತ್ತಿತ್ತು. ಹೀಗಾಗಿ ಆ ಅಪ್ಪನ ಸಿಟ್ಟು ನನಗೆ ಅತಿ ಎನಿಸಲಿಲ್ಲ.

ಕೊನೆಯ ಕಾಳಗ ಉಕ್ಕಿನ ಕಾರ್ಖಾನೆಯಲ್ಲಿ. ಎದುರಾಳಿ ಕೆನ್ ಲೋ, ನಿಜಜೀವನದಲ್ಲಿ ಜಾಕಿಯ ಅಂಗರಕ್ಷಕರಾಗಿದ್ದವರು. ಕೆಲವೇ ನಿಮಿಷದ ಈ ದೃಶ್ಯಕ್ಕೆ ತಿಂಗಳುಗಟ್ಟಲೆ ಶ್ರಮ ಹಿಡಿಯಿತು. ಜಾಕಿ ಉರಿಯುವ ಕೆಂಡದ ಮೇಲೆ ಬಿದ್ದು ತೆವಳುತ್ತಾರೆ. ನಾಯಕ ಅಲ್ಲಿ ಕಾರ್ಖಾನೆಯ ಸ್ಪಿರಿಟ್ ಕುಡಿದು ಗೆಲ್ಲುತ್ತಾನೆ. ಹಾಂಗ್‌ಕಾಂಗ್ ಪ್ರತಿಯ ಕೊನೆಗೆ ಅದೇ ಸ್ಪಿರಿಟ್‌ನಿಂದ ಅವನಿಗೆ ಬುದ್ಧಿ ಕೆಟ್ಟಂತೆ ತೋರಿಸಿದ್ದರು. 2000ದಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಆ ತುಣುಕನ್ನು ತೆಗೆದುಹಾಕಿದರು. ಅದು ಸೊಗಸಾದ ತಮಾಷೆಯೇನಲ್ಲ. ಆದರೆ ಅದನ್ನು ಕತ್ತರಿಸಿದರೆ ಸ್ಪಿರಿಟ್ ಕುಡಿದದ್ದಕ್ಕೆ ತೆತ್ತ ಬೆಲೆಯೂ ಮರೆಯಾಗುತ್ತದೆ. ಮಕ್ಕಳ ಜೊತೆ ನೋಡುವ ದೊಡ್ಡವರು ಅದನ್ನು ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಮಾತು. ನಮ್ಮ ಬಯಲಾಟದ ಹಾಸ್ಯಗಾರ ತಾಳ ತಪ್ಪಿದವನಂತೆ ಕುಣಿಯುತ್ತಾನೆ, ನಿಜಕ್ಕೂ ತಪ್ಪಿದರೆ ಯಾರೂ ನಗುವುದಿಲ್ಲ. ಜಾಕಿಯ ತೂರಾಟವೂ ಅಂಥದ್ದೇ. ಚಿಕ್ಕಂದಿನಲ್ಲಿ ಚೀನೀ ಸಂಗೀತನಾಟಕದ ಶಾಲೆ ಸೇರಿ, ಸುಮಾರು ಹತ್ತು ವರ್ಷ ಬೆತ್ತದ ಏಟು ತಿಂದು ಕಲಿತ ಮೈ ಅದು. ಕುಡಿದವನಿಗೆ ಆ ವರಸೆ ಬರುವುದಿಲ್ಲ. ನೆಟ್ಟಗೆ ನಿಲ್ಲಬಲ್ಲವನು ಮಾತ್ರ ಅಷ್ಟು ಚೆನ್ನಾಗಿ ಓಲಾಡಬಲ್ಲ.

ಸಿನಿಮಾ ಮುಗಿದು ಹೆಸರುಗಳು ಬರುವಾಗ ಟಿವಿ ಆರಿಸಬೇಡಿ. ಚಿತ್ರೀಕರಣದಲ್ಲಿ ತಪ್ಪಿದ ಏಟುಗಳು, ಬಿದ್ದ ಪೆಟ್ಟುಗಳು ಅಲ್ಲಿ ಬರುತ್ತವೆ. ಅದನ್ನು ನೋಡಿದ ಮೇಲೆ ನಮ್ಮ ಹುಡುಗರು ಮಂಚದಿಂದ ಮಂಚಕ್ಕೆ ಹಾರುವುದನ್ನು ನಿಲ್ಲಿಸಿದ್ದಾರೆ. ಅಂಗಳದಲ್ಲಿ ತೂರಾಡುವುದನ್ನು ಮಾತ್ರ ನಿಲ್ಲಿಸಿಲ್ಲ. ನೀರು ಕುಡಿದು ತೂರಾಡುತ್ತಾರೆ, ಅಷ್ಟಕ್ಕೆ ನನ್ನ ಅಡ್ಡಿಯಿಲ್ಲ.