ಬಾಗಿಲು ತೆರೆಯುವ ಪಟ್ಟಿ ಯಾರ ಕೈಯಲ್ಲಿರಬೇಕು?

ಕಲಬುರಗಿ ನಗರದ ಮಗ್ಗುಲಿನ ಶರಣಸಿರಸಗಿಯಲ್ಲಿ ನಮ್ಮ ಅಣ್ಣನ ಮನೆ. ಕಳೆದ ಬೇಸಿಗೆಯಲ್ಲಿ ಹೋದಾಗ ಅವನ ಮಗಳು ಮೊಬೈಲ್ ಹಿಡಿದು ಪಡಸಾಲೆಯಲ್ಲಿ ಸಪ್ಪಗೆ ಕೂತಿದ್ದಳು. "ಕಾಕಾ, ಇಂಟರ್‌ವ್ಯೂ ಲೆಟರ್ ಸ್ಪ್ಯಾಮ್‌ನಾಗ ಬಿದ್ದಿತ್ತು ನೋಡ್ರಿ. ತಾರೀಖು ಮುಗದೇ ಹೋಗ್ಯದ" ಎಂದಳು. ಇಸಿದುಕೊಂಡು ನೋಡಿದೆ. ಮೇಲೊಂದು ಲಾಟರಿ ಹೊಡೆದಿದೆ ಎನ್ನುವ ಪತ್ರ, ಕೆಳಗೊಂದು ಎರಡೇ ನಿಮಿಷದಲ್ಲಿ ಸಾಲ ಕೊಡುವವರ ಪತ್ರ, ನಡುವೆ ಇವಳ ಕರೆಪತ್ರ. ಅದೇ ಪತ್ರ ಕಮಲಾಪುರದ ಗೆಳತಿಗೆ ನೇರ ಇನ್‌ಬಾಕ್ಸ್‌ಗೆ ಬಂದಿತ್ತು. ಅರ್ಜಿ ಹಾಕಿದ ದಿನವೇ ಆಕೆ ಆ ವಿಳಾಸವನ್ನು ಕಾಂಟ್ಯಾಕ್ಟ್‌ನಲ್ಲಿ ಸೇವ್ ಮಾಡಿಕೊಂಡಿದ್ದಳು.

ಗೆಳತಿ ಮಾಡಿದ ಆ ಸಣ್ಣ ಕೆಲಸಕ್ಕೆ ವೈಟ್‌ಲಿಸ್ಟ್ ಎನ್ನುತ್ತಾರೆ. ಇವರು ನಮ್ಮವರು, ಒಳಗೆ ಬಿಡು ಎಂದು ಫಿಲ್ಟರ್‌ಗೆ ಹೇಳುವ ಪಟ್ಟಿ ಅದು. ಕೆಲಸ ಹುಡುಕುವ ಹುಡುಗ ಹುಡುಗಿಯರೆಲ್ಲರಿಗೂ ಒಂದೇ ಪಟ್ಟಿ ಮಾಡಿಬಿಟ್ಟರಾಗದೇ ಎಂದು ಅಣ್ಣ ಕೇಳಿದ. ಸರಿಯಾದ ಪ್ರಶ್ನೆಯೇ. ಇಂಥ ಸಾಮೂಹಿಕ ಪಟ್ಟಿಯನ್ನು ಜಗತ್ತು ಹಿಂದೆಯೇ ಮಾಡಿ ನೋಡಿದೆ.

2002ರಲ್ಲಿ ಅಮೆರಿಕದಲ್ಲಿ ಹೇಬಿಯಸ್ ಎಂಬ ಕಂಪನಿ ಹುಟ್ಟಿತು. ಅದು ಒಂದು ಪುಟ್ಟ ಹೈಕುವಿನ ಹಕ್ಕುಸ್ವಾಮ್ಯ ಪಡೆದು, ಸ್ಪ್ಯಾಮ್ ಕಳಿಸುವುದಿಲ್ಲ ಎಂದು ಒಪ್ಪಿಕೊಂಡವರಿಗೆ ಮಾತ್ರ ಆ ಸಾಲುಗಳನ್ನು ಮೇಲ್‌ನ ತಲೆಬರಹದಲ್ಲಿ ಸೇರಿಸಲು ಅನುಮತಿ ಕೊಟ್ಟಿತು. ಕದ್ದು ಬಳಸಿದವರ ಮೇಲೆ ಕೋರ್ಟಿಗೆ ಹೋಗಬಹುದು ಎಂಬುದು ಲೆಕ್ಕಾಚಾರ. ಸ್ಪ್ಯಾಮ್‌ಅಸಾಸಿನ್‌ನಂಥ ಫಿಲ್ಟರ್‌ಗಳು ಆ ಗುರುತು ಕಂಡರೆ ಮೇಲ್ ಮೇಲಿನ ಅನುಮಾನವನ್ನು ತಗ್ಗಿಸುತ್ತಿದ್ದವು. ಆದರೆ ಎಲ್ಲೋ ಅಡಗಿ ಕೂತ ಸ್ಪ್ಯಾಮರ್‌ಗೆ ಕೋರ್ಟಿನ ಭಯವೆಲ್ಲಿ? ಅದೇ ಸಾಲುಗಳನ್ನು ನಕಲು ಮಾಡಿಕೊಂಡು ಅವನೂ ಒಳಗೆ ನುಗ್ಗಿದ. ಊರಿಗೆಲ್ಲ ಒಂದೇ ಬೀಗವಾದರೆ ಕಳ್ಳನಿಗೆ ಒಂದೇ ಕಳ್ಳಕೀಲಿ ಸಾಕು.

ನಮ್ಮ ಸ್ವಂತ ಪಟ್ಟಿಯೂ ಅಭೇದ್ಯವಲ್ಲ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮದ ತಳಹದಿಯ ಮೇಲೆಯೇ ಇಂದಿಗೂ ಮೇಲ್‌ಗಳು ಓಡಾಡುತ್ತವೆ. ಕಳಿಸಿದವರ ಹೆಸರು ನಿಜವೇ ಎಂದು ಆ ನಿಯಮ ಪರೀಕ್ಷಿಸುವುದಿಲ್ಲ. ಅಂಚೆ ಲಕೋಟೆಯ ಮೇಲೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆಯಬಹುದಲ್ಲ, ಹಾಗೆಯೇ. ಆ ಕೊರತೆ ತುಂಬಲು ಮುಂದೆ ಎರಡು ಏರ್ಪಾಡುಗಳು ಬಂದವು. ತನ್ನ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಸಂಸ್ಥೆಯೊಂದು ಬಹಿರಂಗವಾಗಿ ಸಾರುವುದು ಎಸ್‌ಪಿಎಫ್. ಪತ್ರಕ್ಕೆ ಗುಪ್ತ ಕೀಲಿಯಿಂದ ಮೊಹರು ಒತ್ತಿ, ಅದು ಅಸಲಿಯೇ ಎಂದು ಯಾರು ಬೇಕಾದರೂ ಪರೀಕ್ಷಿಸಲು ಬಹಿರಂಗ ಕೀಲಿ ಇಡುವುದು ಡಿಕೆಐಎಂ. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಇವೆರಡೂ ಇರಲೇಬೇಕೆಂದು ಜಿಮೇಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು.

ನಮ್ಮ ದೇಶದ ಎಸ್‌ಎಂಎಸ್‌ನಲ್ಲಂತೂ ಸಾಮೂಹಿಕ ಪಟ್ಟಿ ಈಗ ಕಾನೂನೇ ಆಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಆದೇಶದಂತೆ 2024ರ ಅಕ್ಟೋಬರ್ 1ರಿಂದ, ಮೊದಲೇ ನೋಂದಾಯಿಸದ ಲಿಂಕ್ ಇರುವ ವ್ಯಾಪಾರಿ ಸಂದೇಶವನ್ನು ಮೊಬೈಲ್ ಕಂಪನಿಗಳು ಮುಂದಕ್ಕೆ ಸಾಗಿಸುವಂತಿಲ್ಲ. 2025ರಿಂದ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರವೂ ಬರುತ್ತದೆ: ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರ. ಒಳ್ಳೆಯ ಕೆಲಸ. ಆದರೆ ನೋಂದಾಯಿತ ಕಂಪನಿಯ ಜಾಹೀರಾತು ನನಗೆ ಬೇಕೋ ಬೇಡವೋ ಎಂಬುದನ್ನು ಆ ಪಟ್ಟಿ ಹೇಳಲಾರದು. ಬಂದವರು ಯಾರು ಎಂಬುದಕ್ಕೆ ಊರು ಸಾಕ್ಷಿ ಹೇಳಬಹುದು. ಒಳಗೆ ಕರೆಯಬೇಕೋ ಬೇಡವೋ ಎಂಬುದು ಮನೆಯವರಿಗೆ ಬಿಟ್ಟದ್ದು.

ಮನೆಯವರ ಇಷ್ಟವನ್ನು ಕಂಪ್ಯೂಟರ್‌ಗೆ ಕಲಿಸುವ ದಾರಿಯನ್ನು ಪ್ರೋಗ್ರಾಮರ್ ಪಾಲ್ ಗ್ರಹಾಮ್ 2002ರ ಲೇಖನವೊಂದರಲ್ಲಿ ಚೆಂದವಾಗಿ ತೋರಿಸಿದರು. ನಮಗೆ ಬಂದ ಒಳ್ಳೆಯ ಮೇಲ್‌ಗಳಲ್ಲಿ ಒಂದು ಪದ ಎಷ್ಟು ಸಲ ಬಂದಿದೆ, ಸ್ಪ್ಯಾಮ್‌ನಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ ಸಂಭವನೀಯತೆ ಕಟ್ಟುವ ವಿಧಾನವದು. ಕಲಬುರಗಿಯ ದಾಲ್ ಮಿಲ್ ಮಾಲೀಕರನ್ನೇ ನೋಡಿ. ಅವರ ಮೇಲ್‌ನಲ್ಲಿ "ತೊಗರಿ", "ಕ್ವಿಂಟಲ್", "ಲೋಡ್" ಎಂಬ ಪದಗಳಿದ್ದರೆ ಅದು ಗಿರಾಕಿಯದೇ ಪತ್ರವೆಂದು ಫಿಲ್ಟರ್ ನಂಬುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನ ಪೆಟ್ಟಿಗೆಯಲ್ಲಿ ಅವೇ ಪದಗಳಿಗೆ ಆ ಬಲವಿಲ್ಲ. ಇಬ್ಬರ ಲೆಕ್ಕವನ್ನೂ ಕಲಸಿದರೆ ಇಬ್ಬರಿಗೂ ನಷ್ಟ. ಹಾಗಾಗಿ ಅಸಲಿ ನಕಲಿಯ ತಪಾಸಣೆ ಸಾಮೂಹಿಕವಾಗಿರಲಿ, ಬೇಕು ಬೇಡದ ಪಟ್ಟಿ ಮಾತ್ರ ಅವರವರದೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ತೊಡಕು ಉಳಿಯುತ್ತದೆ. ಕೆಲಸ ಹುಡುಕುವವರಿಗೆ ಬರುವ ಮುಖ್ಯ ಪತ್ರಗಳೆಲ್ಲ ಅಪರಿಚಿತರವೇ. ಮೊದಲ ಪತ್ರ ಬರುವ ಮುನ್ನ ಆ ವಿಳಾಸ ಯಾರ ಸ್ವಂತ ಪಟ್ಟಿಯಲ್ಲಿರಲು ಸಾಧ್ಯ? ಗೆಳತಿ ಮಾಡಿದಂತೆ ಅರ್ಜಿ ಹಾಕಿದ ಕೂಡಲೇ ಜಾಹೀರಾತಿನಲ್ಲಿರುವ ವಿಳಾಸವನ್ನು ಸೇವ್ ಮಾಡಿಕೊಳ್ಳಬೇಕು. ಸ್ಪ್ಯಾಮ್‌ನಲ್ಲಿ ಬೇಕಾದ ಪತ್ರ ಸಿಕ್ಕರೆ "ಸ್ಪ್ಯಾಮ್ ಅಲ್ಲ" ಎಂಬುದನ್ನು ಒತ್ತಬೇಕು. ಫಿಲ್ಟರ್ ಕಲಿಯುವುದೇ ಹಾಗೆ. ಅಲ್ಲಿರುವ ಅಪರಿಚಿತ ಲಿಂಕ್‌ಗಳನ್ನು ಮಾತ್ರ ಮುಟ್ಟಬೇಡಿ. ಮೋಸ ಹೋಗಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಲ್ಲಾದರೂ ಅರ್ಜಿ ಹಾಕಿ ಕಾಯುತ್ತಿದ್ದೀರಾದರೆ ಇವತ್ತೇ ಸ್ಪ್ಯಾಮ್ ಪೆಟ್ಟಿಗೆ ತೆರೆದು ನೋಡಿ. ಜಿಮೇಲ್ ಅಲ್ಲಿನ ಪತ್ರಗಳನ್ನು 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ.