ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ದಂಡವನ್ನು ಪ್ರಶ್ನಿಸುವುದು ಹೇಗೆ?

ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳು ಕಾರಿನ ಗಾಜಿಗೆ ಅಂಟಿಸುವ ದಂಡದ ನೋಟಿಸಿಗೆ 2004ರ ಸಂಚಾರ ನಿರ್ವಹಣಾ ಕಾಯ್ದೆಯೇ ಆಧಾರ. ಹಣ ಕಟ್ಟಲು 28 ದಿನಗಳ ಗಡುವು. 14 ದಿನಗಳೊಳಗಾದರೆ ಅರ್ಧ ಸಾಕು. ಆದರೆ ಕಟ್ಟಿದೊಡನೆ ಪ್ರಕರಣ ಮುಗಿದಂತೆ. ಹೀಗಾಗಿ ತಕರಾರಿರುವವರು ಹಣ ಕಟ್ಟದೆ, ಆ 14 ದಿನಗಳಲ್ಲೇ ಬರೆದು ತಿಳಿಸುವುದು ಲೇಸು. ಮನವಿ ತಿರಸ್ಕೃತವಾದರೂ ರಿಯಾಯಿತಿ ಸಾಮಾನ್ಯವಾಗಿ ಮತ್ತೆ ಸಿಗುತ್ತದೆ. ಮರೆಯಾದ ಫಲಕ, ಮಾಸಿದ ಗೆರೆಗಳ ಫೋಟೊ, ಪಾರ್ಕಿಂಗ್ ಚೀಟಿ ಬಲವಾದ ಸಾಕ್ಷ್ಯ.

ಮುಂದೆ ಮಾಲೀಕರ ಹೆಸರಿಗೆ ಬರುವ ನೋಟಿಸಿಗೆ 28 ದಿನಗಳಲ್ಲಿ ವಿಧ್ಯುಕ್ತ ಆಕ್ಷೇಪಣೆ ಸಲ್ಲಿಸಬಹುದು. 56 ದಿನಗಳಲ್ಲಿ ಉತ್ತರಿಸದ ಕೌನ್ಸಿಲ್ ದಂಡವನ್ನು ಕೈಬಿಡಬೇಕು. ಅಲ್ಲೂ ಒಪ್ಪದಿದ್ದರೆ ಸ್ವತಂತ್ರ ನ್ಯಾಯಮಂಡಳಿ ಇದೆ. ಅಲ್ಲಿ ಮೇಲ್ಮನವಿಗೆ ಶುಲ್ಕವಿಲ್ಲದಿರುವುದು ಈ ವ್ಯವಸ್ಥೆಯ ದೊಡ್ಡ ಗುಣ. ಏನೂ ಮಾಡದೆ ಸುಮ್ಮನಿದ್ದರೆ ಮಾತ್ರ ದಂಡ ಶೇ. 50ರಷ್ಟು ಏರುತ್ತದೆ.