ಚಾರ್ಟ್ ತಿದ್ದಿಸಿದ ಪ್ರಶ್ನೆ: ಮಿದುಳು ಮತ್ತು ಮಾತು

ಚಾಮರಾಜನಗರದಲ್ಲಿ ಸಿದ್ಧಪಡಿಸಿದ ಚಾರ್ಟ್ ಹಿಡಿದು ಗುಂಡ್ಲುಪೇಟೆಗೆ ಅಭ್ಯಾಸ ಬೋಧನೆಗೆ ಹೋಗಿದ್ದೆ. ಹತ್ತನೇ ತರಗತಿ; ಮಿದುಳಿನ ಪಾಠ. ಚಾರ್ಟಿನಲ್ಲಿ ‘ಎಡ ಅರ್ಧಗೋಳ: ಭಾಷೆ, ಬಲ ಅರ್ಧಗೋಳ: ಕಲೆ’ ಎಂದಿತ್ತು. ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಲಕ್ವ ಹೊಡೆದು ನಮ್ಮ ತಾತನಿಗೆ ಬಲಗೈ ಬಿತ್ತು, ಮಾತೂ ನಿಂತಿತು. ಆದರೆ ಮಾದಪ್ಪನ ಪದ ಹಾಡ್ತಾರೆ. ಹೇಗೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಓದಿಕೊಂಡು ಮರುದಿನ ಹೇಳಿದೆ.

ಬಲಗೈಯನ್ನು ನಿಯಂತ್ರಿಸುವುದು ಎಡ ಅರ್ಧಗೋಳ. ಬಹುಪಾಲು ಜನರಲ್ಲಿ ಪದ ಜೋಡಿಸಿ ಮಾತಾಡಿಸುವ ಭಾಗವೂ ಅಲ್ಲೇ ಇದೆ. 1861ರಲ್ಲಿ, ಮಾತು ಕಳೆದುಕೊಂಡಿದ್ದ ರೋಗಿಯ ಮಿದುಳಿನಲ್ಲಿ ಪಾಲ್ ಬ್ರೋಕಾ ಹಾನಿ ಕಂಡದ್ದು ಎಡ ಮುಂಭಾಗದಲ್ಲಿ. ಆದ್ದರಿಂದ ಕೈ, ಮಾತು ಎರಡೂ ಒಟ್ಟಿಗೆ ಹೋಗಬಹುದು. ರಾಗದಲ್ಲಿ, ದನಿಯ ಏರಿಳಿತದಲ್ಲಿ ಬಲ ಅರ್ಧಗೋಳದ ಪಾಲು ದೊಡ್ಡದು. ಹಾಗಾಗಿ ಕೆಲವರಲ್ಲಿ ಹಾಡು ಉಳಿಯುತ್ತದೆ.

ತಡವಾಗಿ ಬಂದ ಗೆಳೆಯನಿಗೆ “ಬಲು ಬೇಗ ಬಂದ್ಯಪ್ಪ!” ಎಂದರೆ ಅದು ಹೊಗಳಿಕೆಯಲ್ಲ. ಪದಗಳನ್ನು ಬಿಡಿಸುವುದು ಹೆಚ್ಚಾಗಿ ಎಡಭಾಗ. ವ್ಯಂಗ್ಯ ಹಿಡಿಯಲು ಬಲಭಾಗವೂ ಬೇಕು.

“ತಾತ ಮತ್ತೆ ಮಾತಾಡ್ತಾರಾ?” ಎಂದಳು. ಭರವಸೆ ಕೊಡಲು ನಾನು ವೈದ್ಯನಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಲು ಮನೆಯವರಿಗೆ ಹೇಳು ಎಂದೆ. ಆಮೇಲೆ ಮಕ್ಕಳೆದುರೇ ಚಾರ್ಟ್ ತಿದ್ದಿದೆ: ‘ಭಾಷೆ: ಎರಡೂ ಅರ್ಧಗೋಳಗಳ ಕೆಲಸ.’